ಬಾಗಿಲು ತಟ್ಟಿದ ದಿನ

ನಾನು ಕೆಲಸಕ್ಕೆ ಸೇರಿಕೊಂಡ ಊರಿನಲ್ಲಿ ಒಂದೊಂದು ಮನೆಗೆ ಒಂದೊಂದು ತಾರೀಖು. ಕೆರೆ ಏರಿಯ ಕೆಳಗಿನ ಮನೆಯಲ್ಲಿ ನಾನು ಬಂದ ದಿನ ಬಾವಿಗೆ ನೀರು ಬಂದ ಇನ್ನೂರ ಹನ್ನೆರಡನೇ ದಿನವಾಗಿದ್ದರೆ, ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯಲ್ಲಿ ಅಕ್ಕ ಮಾತು ಬಿಟ್ಟ ನಲವತ್ತನೇ ದಿನ. ಅದರಾಚೆಯ ಮನೆಯಲ್ಲಿ ಅಜ್ಜಿ ತಾನಾಗಿ ಎದ್ದು ಕೂತ ಒಂಬತ್ತನೇ ದಿನ. ಅದಕ್ಕಿಂತ ದೊಡ್ಡದೇನಾದರೂ ನಡೆದರೆ ಹಳೆಯ ಎಣಿಕೆ ಅಳಿಸಿ ಮತ್ತೆ ಒಂದರಿಂದ ಶುರು. ಎಣಿಕೆಯನ್ನು ಮುಂಬಾಗಿಲ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಾರೆ, ಒಳಗೆ ಕರೆಸಿಕೊಂಡವರಿಗೆ ಮಾತ್ರ ಕಾಣುವ ಹಾಗೆ. ಹೊಸ ಎಣಿಕೆ ಗಟ್ಟಿಯಾಗಬೇಕಾದರೆ ಬೇರೆ ಮನೆಯವರೊಬ್ಬರು ಬಂದು, ನೋಡಿ, ತಮ್ಮ ಮನೆಯ ದಿನವನ್ನು ಅದರ ಪಕ್ಕದಲ್ಲಿ ಬರೆದು ಹೋಗಬೇಕು. ಅದನ್ನು ಜೊತೆ ದಿನ ಅನ್ನುತ್ತಾರೆ. ಜೊತೆ ದಿನ ಇಲ್ಲದ ಎಣಿಕೆಯೂ ಎಣಿಕೆಯೇ, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ.

ಪುರಸಭೆಯ ವೆಬ್‌ಸೈಟಿನಲ್ಲಿ ತಾರೀಖು ಕಾಣಿಸುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ನಲ್ಲಿ ನೀರು ಯಾವತ್ತು ಬಿಡುತ್ತಾರೆ, ಸಮುದಾಯ ಭವನ ಯಾವತ್ತು ಖಾಲಿ ಇದೆ, ನಾಯಿಗಳಿಗೆ ಚುಚ್ಚುಮದ್ದು ಯಾವತ್ತು ಎಂಬುದನ್ನೆಲ್ಲ ಪ್ರತಿ ಮನೆಗೂ ಅದರದೇ ಎಣಿಕೆಯಲ್ಲಿ ತೋರಿಸಬೇಕು. ಮೊದಲು ಇದಕ್ಕೆಂದೇ ಮೂವರು ಗುಮಾಸ್ತರು ಕೂತು ಮನೆಮನೆಗೆ ಬೇರೆ ಬೇರೆ ಚೀಟಿ ಬರೆಯುತ್ತಿದ್ದರಂತೆ. ಅವರ ಕೈಬರಹದ ಕಟ್ಟುಗಳನ್ನು ನನ್ನ ಮೇಜಿನ ಮೇಲಿಟ್ಟು ಅಚ್ಯುತಯ್ಯನವರು, ಅವರೇ ನಮ್ಮ ಮೇಲಧಿಕಾರಿ, ಇದೆಲ್ಲ ಇನ್ನು ಮೇಲೆ ಮೊಬೈಲಿನಲ್ಲಿ ಬರಬೇಕು ಎಂದಿದ್ದರು.

ಕೂಡುವುದು ಕಳೆಯುವುದು ಸುಲಭ, ಅದನ್ನು ಕಂಪ್ಯೂಟರು ಮಾಡುತ್ತದೆ. ಕಷ್ಟವಿದ್ದದ್ದು ಜನ ಹೇಳುವ ರೀತಿಯಲ್ಲಿ. ನೂರು ದಾಟಿದ ಮೇಲೆ ಅಂಕಿ ಹೇಳಬಾರದು, 'ನೂರರ ಮೇಲೆ ಹದಿನಾಲ್ಕು' ಅನ್ನಬೇಕು ಎನ್ನುವ ಮನೆಗಳಿದ್ದವು. ಒಂದು ಮನೆಯಲ್ಲಿ ಹಾಲು ಬಂದ ಮೇಲೆ ದಿನ ಶುರು, ಇನ್ನೊಂದರಲ್ಲಿ ಒಲೆ ಹಚ್ಚಿದ ಮೇಲೆ, ಬಹಳಷ್ಟು ಮನೆಗಳಲ್ಲಿ ಸೂರ್ಯ ಹುಟ್ಟಿದ ಮೇಲೆ. ಹಿಂದಕ್ಕೆ ಎಣಿಸುವವರೂ ಇದ್ದರು. ಮಗಳು ಹೆರಿಗೆಗೆ ಬರಲು ಹದಿನೇಳು ದಿನ, ಹದಿನಾರು ದಿನ, ಹೀಗೆ. ಅವರಿಗೆ ಸೊನ್ನೆ ಬಂದಾಗ ಏನು ತೋರಿಸಬೇಕೆಂದು ನಾನು ಎರಡು ದಿನ ಯೋಚಿಸಿದ್ದೆ. ಕೊನೆಗೆ 'ಇವತ್ತು' ಎಂದು ಬರೆದೆ. ಆ ಒಂದು ಪದ ಬರೆದ ಮಧ್ಯಾಹ್ನ ನನಗೆ ಊಟ ರುಚಿಸಿತ್ತು.

ಹೀಗೆ ಸಾವಿರದ ಒಂಬೈನೂರು ಮನೆಗಳ ಮೊದಲ ದಿನ ನನಗೆ ಗೊತ್ತಿತ್ತು. ಯಾರ ಮನೆಯಲ್ಲಿ ಯಾರು ಹೋದರು, ಯಾರು ಬಂದರು, ಯಾರು ಕುಡಿಯುವುದನ್ನು ಬಿಟ್ಟರು ಎಲ್ಲ ಗೊತ್ತು. ಆದರೆ ಪಟ್ಟಿಯಲ್ಲಿ ಇದ್ದದ್ದು ಹಳೆಯ ಕಡತದ ನಂಬರುಗಳು ಮಾತ್ರ. ಹೆಸರು ವಿಳಾಸಗಳ ರಿಜಿಸ್ಟರು ಅಚ್ಯುತಯ್ಯನವರ ಬೀರುವಿನಲ್ಲಿತ್ತು. ತರಕಾರಿ ಅಂಗಡಿಯಲ್ಲಿ ನನ್ನ ಪಕ್ಕ ನಿಂತು ಬದನೆಕಾಯಿ ಆರಿಸುವ ಹೆಂಗಸು, ಮಗ ನಕ್ಕ ಐದನೇ ದಿನದವಳೋ, ಒಡವೆ ಸಿಕ್ಕಿದ ಎಂಬತ್ತನೇ ದಿನದವಳೋ ತಿಳಿಯುತ್ತಿರಲಿಲ್ಲ. ಕೇಳುವ ಧೈರ್ಯವೂ ನನಗಿರಲಿಲ್ಲ. ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ಒಂದಿತ್ತು, ಕಡತ ಸಂಖ್ಯೆ ಎಂಟುನೂರ ಆರರ ಮನೆ. 'ಎದುರಿಗೆ ದೀಪ ಬಂದ ದಿನ' ಎಂದು ಅವರ ಮೊದಲ ದಿನ. ನಾನು ಅದನ್ನು ಗಮನಿಸುವ ಹೊತ್ತಿಗೆ ಎಣಿಕೆ ಮುನ್ನೂರು ದಾಟಿತ್ತು. ಬೇರೆಯವರ ಮನೆಯ ದೀಪವನ್ನು ತಮ್ಮ ತಾರೀಖು ಮಾಡಿಕೊಂಡವರು ಎಂಥವರಿರಬಹುದು, ಆ ದೀಪದ ಮನೆಯವರು ಎಷ್ಟು ಪುಣ್ಯವಂತರು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ.

ಡೈರಿ ಬರೆಯುವುದು ಕಾಲೇಜಿನ ಕಾಲದಿಂದ ಬಂದದ್ದು. ಈ ಊರಿಗೆ ಬಂದ ಮೇಲೂ ಒಂದು ದಿನ ತಪ್ಪಿಸಿರಲಿಲ್ಲ, ದಿನಕ್ಕೊಂದು ಪುಟ. ಪುಟದ ತಲೆಯಲ್ಲಿ ತಾರೀಖು ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಡುತ್ತಿದ್ದೆ. ನನ್ನ ಕೋಣೆಗೆ ಎಣಿಕೆ ಇರಲಿಲ್ಲ. ಏನಾದರೂ ನಡೆದರೆ ತಾನೇ? ಮಹಡಿಯ ಮೇಲಿನ ಒಂಟಿ ಕೋಣೆ, ಹೊರಗಿನಿಂದ ಮೆಟ್ಟಿಲು. ಬೆಳಿಗ್ಗೆ ತಲೆ ತಗ್ಗಿಸಿ ಇಳಿದು ಹೋಗುತ್ತಿದ್ದೆ, ಸಂಜೆ ತಲೆ ತಗ್ಗಿಸಿ ಹತ್ತಿ ಬರುತ್ತಿದ್ದೆ. ಬಾಗಿಲ ಹಿಂಬದಿಯಲ್ಲಿ ಹಿಂದೆ ಇದ್ದವರು ಅಳಿಸಿ ಹೋದ ಸುಣ್ಣದ ಮಬ್ಬು ಇತ್ತು, ಅಷ್ಟೇ.

ವೆಬ್‌ಸೈಟಿನ ಪುಟವನ್ನು ಊರಿಗೆ ತೆರೆಯುವ ಮುಂಚೆ ಪರೀಕ್ಷೆ ಮಾಡಲು ನನಗೊಂದು ಮನೆ ಬೇಕಿತ್ತು. ಯಾರದೋ ನಿಜವಾದ ದಿನವನ್ನು ಕೆದಕಲು ಮನಸ್ಸಾಗದೆ ಇಲ್ಲದ ಮನೆಯೊಂದನ್ನು ಕಟ್ಟಿದೆ. ನಂಬರು ಸೊನ್ನೆ. ಮೊದಲ ದಿನದ ಹೆಸರು ಕೇಳುವ ಜಾಗದಲ್ಲಿ ಕರ್ಸರು ಮಿಣುಕುತ್ತ ಕೂತಿತ್ತು. ಬಹಳ ಹೊತ್ತು ನೋಡಿ 'ಬಾಗಿಲು ತಟ್ಟಿದ ದಿನ' ಎಂದು ಬರೆದೆ. ಅದೇ ಯಾಕೆ ಹೊಳೆಯಿತೆಂದು ನನಗೆ ಗೊತ್ತು, ಯಾರೂ ಕೇಳಲಿಲ್ಲ. ಪುಟ ತೆರೆದ ದಿನ ಗಡಿಬಿಡಿಯಲ್ಲಿ ಆ ಮನೆಯನ್ನು ತೆಗೆಯುವುದು ಮರೆತುಹೋಯಿತು. ಮರುದಿನದಿಂದ ನನ್ನ ಮೊಬೈಲಿನಲ್ಲಿ ನೀರಿನ ಸೂಚನೆ 'ಬಾಗಿಲು ತಟ್ಟಿದ ಎರಡನೇ ದಿನ', 'ಮೂರನೇ ದಿನ' ಎಂದು ಬರತೊಡಗಿತು. ಮಾಡಿದವಳು ನಾನಲ್ಲವೇ, ನನಗೊಬ್ಬಳಿಗೆ ಹಾಗೆ ಕಾಣುತ್ತದೆ ಎಂದುಕೊಂಡೆ. ತಿದ್ದಬೇಕಿತ್ತು. ತಿದ್ದಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡುವುದು ಅಭ್ಯಾಸವಾಗಿಬಿಟ್ಟಿತ್ತು.

ಅರವತ್ತು ದಿನ ಕಳೆದ ಮೇಲೆ ಗಂಗೋಜಿ ಆಫೀಸಿಗೆ ಬಂದರು. ಬೀದಿಬೀದಿ ಸುತ್ತಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು. ಬೆರಳುಗಳೆಲ್ಲ ಕಪ್ಪು, ಒಗೆದು ಇಸ್ತ್ರಿ ಮಾಡಿದ ಅಂಗಿ. ಅವರು ಹೇಳಿದ್ದು ಇಷ್ಟು: ತಾವು ನಸುಕಿನಲ್ಲೇ ಒಲೆ ಹಚ್ಚಿ ಬಾಗಿಲ ಮೇಲೆ ಅಂಕಿ ಬದಲಿಸುತ್ತಾರೆ, ಆಮೇಲೆ ಮೊಬೈಲು ನೋಡಿದರೆ ಅದರಲ್ಲಿ ಒಂದು ದಿನ ಕಡಿಮೆ ಇರುತ್ತದೆ. ಬಾಗಿಲಲ್ಲಿ ಅರವತ್ತೊಂದು, ಮೊಬೈಲಿನಲ್ಲಿ ಅರವತ್ತು. ಯಾವುದು ಸರಿ ಎಂದು ಕೇಳಲು ಬಂದಿದ್ದರು.

ಇದು ಸಣ್ಣ ತಪ್ಪು, ನಿಮ್ಮ ದಿನ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆಂದು ಬರೆದಿರಬೇಕು, ಬದಲಿಸುತ್ತೇನೆ ಎಂದು ಹೇಳಿ, ಅವರ ಕಡತದ ನಂಬರು ಕೇಳಿಕೊಂಡು ಕಡತ ತೆಗೆದೆ. ಮೊದಲ ದಿನದ ಜಾಗ ಖಾಲಿ ಇತ್ತು. ಯಾವ ದಿನದಿಂದ ಎಣಿಸುತ್ತೀರಿ ಎಂದು ಕೇಳಿದೆ.

"ಬಾಗಿಲು ತಟ್ಟಿದ ದಿನದಿಂದ," ಅಂದರು ಗಂಗೋಜಿ.

ನಾನು ಕೀಲಿಮಣೆಯಿಂದ ಕೈ ತೆಗೆದೆ.

"ಯಾರು ತಟ್ಟಿದ್ರು?"

"ಅದೇ ಗೊತ್ತಿಲ್ಲ ಕಣಮ್ಮ. ನಾನು ಊರು ಸುತ್ತೋಕೆ ಹೋಗಿದ್ದಾಗ ಬಂದು ಹೋಗಿರ್ಬೇಕು. ಆಫೀಸ್ನೋರು ಬರ್ಕೊಂಡಿದಾರೆ ಅಂದ್ಮೇಲೆ ಸುಳ್ಳಿರಲ್ಲ. ಅವತ್ತಿಂದ ನಾನು ಎಲ್ಲೂ ಹೋಗಿಲ್ಲ. ಮತ್ತೆ ಬಂದಾಗ ನಾನಿಲ್ದೆ ಇದ್ರೆ ಚೆನ್ನಾಗಿರಲ್ಲ ನೋಡಿ."

ಇವತ್ತು ಹೇಗೆ ಬಂದಿರಿ ಎಂದು ಕೇಳಿದೆ. ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದೇನೆ, ಬೇಗ ಹೋಗಬೇಕು ಅಂದರು. ಹೋಗುವಾಗ ನಾಚಿಕೊಂಡು, ಇಷ್ಟು ವರ್ಷದಲ್ಲಿ ಬಾಗಿಲ ಮೇಲೆ ಬರೆದದ್ದು ಇದೇ ಮೊದಲು, ಅಂಕಿ ಸರಿ ಹೋದರೆ ಸಾಕು ಎಂದರು.

ಅವರು ಮೆಟ್ಟಿಲಿಳಿದ ಮೇಲೆ ನಾನು ಪಟ್ಟಿಯನ್ನು ಶೋಧಿಸಿದೆ. ಮೊದಲ ದಿನ ಇಲ್ಲದ ಮನೆಗಳಿಗೆಲ್ಲ ಕಂಪ್ಯೂಟರು ಸೊನ್ನೆ ನಂಬರಿನ ಮನೆಯ ದಿನವನ್ನು ಹಚ್ಚುತ್ತಿತ್ತು. ಅಂಥವು ಮೂವತ್ತೊಂದು. ಮೂವತ್ತೊಂದು ಮನೆಯವರಿಗೆ ಅರವತ್ತು ದಿನಗಳಿಂದ, ನಿಮ್ಮ ಬಾಗಿಲನ್ನು ಯಾರೋ ತಟ್ಟಿದ್ದರು ಎಂದು ಸರ್ಕಾರವೇ ಬೆಳಿಗ್ಗೆ ಬೆಳಿಗ್ಗೆ ಹೇಳುತ್ತ ಬಂದಿತ್ತು. ಒಬ್ಬರೂ ತಪ್ಪು ಅಂದಿರಲಿಲ್ಲ. ಒಬ್ಬೊಬ್ಬರೂ ಅದು ತಮಗೊಬ್ಬರಿಗೇ ಬಂದದ್ದೆಂದು ಗುಟ್ಟಾಗಿ ಇಟ್ಟುಕೊಂಡಿದ್ದರು, ನನ್ನ ಹಾಗೆಯೇ.

ಅಚ್ಯುತಯ್ಯನವರು ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ಸಂಜೆಯೊಳಗೆ ಅಳಿಸಿಬಿಡು, ಆ ಜಾಗ ಖಾಲಿ ಇರಲಿ ಅಂದರು. ನಾನು ಅಲ್ಲೇ ನಿಂತಿದ್ದೆ. ನಾಳೆ ಬೆಳಿಗ್ಗೆ ಗಂಗೋಜಿ ಒಲೆ ಹಚ್ಚಿ ಮೊಬೈಲು ನೋಡುತ್ತಾರೆ, ಖಾಲಿ ಇರುತ್ತದೆ. ತಟ್ಟಿದವರು ತಟ್ಟಿದ್ದನ್ನು ವಾಪಸು ತೆಗೆದುಕೊಂಡ ಹಾಗೆ. ಬಿಟ್ಟರೆ ಅವರು ಕಲಾಯಿ ಕೆಲಸ ಬಿಟ್ಟು ಬಾಗಿಲು ಕಾಯುತ್ತ ಕೂತೇ ಇರುತ್ತಾರೆ. ಇದನ್ನು ಹೇಗೆ ಹೇಳಬೇಕೋ ತಿಳಿಯದೆ, ಮೂವತ್ತೊಂದು ವಿಳಾಸ ಕೊಡಿ ಸರ್ ಎಂದೆ.

"ಯಾಕಮ್ಮ?"

"ತಟ್ಟಿ ಬರ್ತೀನಿ."

ಅವರು ನನ್ನನ್ನೇ ನೋಡಿದರು. ಒಂದು ವರ್ಷದ ಮೇಲಾಗಿತ್ತು ನಾನು ಬಂದು. ನಮಸ್ಕಾರ ಸರ್, ಆಯ್ತು ಸರ್ ಬಿಟ್ಟು ಬೇರೆ ಮಾತು ಅವರು ನನ್ನ ಬಾಯಲ್ಲಿ ಕೇಳಿರಲಿಲ್ಲ. "ಒಬ್ಬರ ಹತ್ರ ಪೆನ್ನು ಕೇಳೋಕೇ ಅರ್ಧ ದಿನ ತಗೋತೀಯ. ಮೂವತ್ತೊಂದು ಬಾಗಿಲು ತಟ್ತೀಯ?" ಅಂದರು. ಆಮೇಲೆ ಬೀರುವಿನ ಬೀಗ ತೆಗೆದು ವಿಳಾಸ ಬರೆಸಿಕೊಟ್ಟರು. ಮೂರು ದಿನ ಸಮಯ, ಪ್ರತಿ ಮನೆಯ ಮುಂದೆ ಗುರುತು ಹಾಕಿರಬೇಕು, ಒಂದೂ ಬಿಡಬಾರದು ಎಂದರು. ಪಟ್ಟಿಯ ಕೊನೆಯಲ್ಲಿ ಮೂವತ್ತೊಂದನೆಯದು ನನ್ನ ಕೋಣೆಯ ವಿಳಾಸ. ಅವರು ಅದನ್ನು ಗಮನಿಸಿದರೋ ಇಲ್ಲವೋ.

ಮೊದಲು ಗಂಗೋಜಿಯ ಮನೆಗೇ ಹೋದೆ. ಬಾಗಿಲ ಮುಂದೆ ಕೈ ಎತ್ತಿ ಇಳಿಸಿದ್ದು ಎಷ್ಟು ಸಲವೋ. ತಟ್ಟಿದೆ. ನನ್ನ ಕೈ ಬಾಗಿಲಿಂದ ದೂರವಾಗುವ ಮೊದಲೇ ಅದು ತೆರೆದುಕೊಂಡಿತು. ಅವರು ಅದರ ಹಿಂದೆಯೇ ಕೂತಿದ್ದರು, ಸ್ಟೂಲು ಇನ್ನೂ ಅಲುಗುತ್ತಿತ್ತು. ಮುಖದಲ್ಲಿ ಇದ್ದದ್ದನ್ನು ನೋಡಿ ನನಗೆ ಸುಳ್ಳು ಹೇಳಿಬಿಡಬೇಕು ಅನಿಸಿತು. ಆಗಲಿಲ್ಲ. ಅರವತ್ತು ದಿನದ ಹಿಂದೆ ಯಾರೂ ಬಂದಿರಲಿಲ್ಲ, ಪರೀಕ್ಷೆಗೆಂದು ನಾನೇ ಬರೆದದ್ದು, ಅಳಿಸಲು ಮರೆತೆ, ತಪ್ಪಾಯಿತು ಎಂದು ನೆಲ ನೋಡಿಕೊಂಡು ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ಒಳಗೆ ಹೋಗಿ ನೀರು ಕುಡಿದು ಬಂದರು.

"ಮತ್ತೆ ಈಗ ತಟ್ಟಿದ್ದು?"

"ನಾನೇ."

"ಇದೂ ಪರೀಕ್ಷೆಗಾ?"

ಅಲ್ಲ ಅಂದೆ. ಅವರು ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ಹಿಂಬದಿಯಲ್ಲಿ ಪಾತ್ರೆಯ ತಳ ತಿಕ್ಕಿದಷ್ಟು ಶುದ್ಧವಾಗಿ ಅರವತ್ತೊಂದು ಎಂದು ಬರೆದಿತ್ತು. ಅಂಗೈಯಿಂದ ಅದನ್ನು ಒರೆಸಿ, ಒಂದು ಎಂದು ಬರೆದರು. ಸೀಮೆಸುಣ್ಣವನ್ನು ನನ್ನ ಕಡೆ ಚಾಚಿ, ಜೊತೆ ದಿನ ಬರೀರಿ, ನಿಮ್ಮನೇದು ಎಷ್ಟು ಎಂದು ಕೇಳಿದರು. ನನಗೆ ಇಲ್ಲ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಬೇಕಾಯಿತು, ನನ್ನ ಮನೆಗೆ ಎಣಿಕೆ ಇಲ್ಲ, ನನ್ನ ಮೊಬೈಲಿನಲ್ಲೂ ನಿಮ್ಮದೇ ದಿನ ಬರುತ್ತಿತ್ತು ಎಂದು.

"ಹಾಗಾದ್ರೆ ಜಾಗ ಬಿಟ್ಟಿರ್ತೀನಿ," ಅಂದರು ಗಂಗೋಜಿ. "ನಿಮ್ಗೆ ಬಂದಾಗ ಬಂದು ತುಂಬ್ಸಿ, ಸುಣ್ಣ ನಿಮ್ಹತ್ರಾನೇ ಇರ್ಲಿ. ನಾನು ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ. ಸಂಜೆ ಮೇಲೆ ಬನ್ನಿ, ಸಿಗ್ತೀನಿ."

ಮೂರು ದಿನ ತಟ್ಟಿದೆ. ಬೇಕರಿಯ ಹಿಂದಿನ ಮನೆಯ ಒಬ್ಬ ಹೆಂಗಸು ಕೇಳಿ ಕೇಳಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಒಂದು ಮನೆಯಲ್ಲಿ ಅಣ್ಣ ತಂಗಿಯರಿಬ್ಬರು ಎರಡು ತಿಂಗಳಿಂದ, ಬಂದವರು ಯಾರೆಂದು ನಿನಗೆ ಗೊತ್ತು, ನನಗೆ ಹೇಳುತ್ತಿಲ್ಲ ಎಂದು ಒಬ್ಬರ ಮೇಲೊಬ್ಬರು ಸಿಟ್ಟಿನಲ್ಲಿದ್ದರು. ನಿವೃತ್ತ ಮೇಷ್ಟ್ರೊಬ್ಬರು, ಎರಡು ತಿಂಗಳು ವಾಚನಾಲಯಕ್ಕೆ ಹೋಗದೆ ಕಾದಿದ್ದೇನೆ, ಅದಕ್ಕೇನು ಹೇಳುತ್ತೀಯ ಎಂದು ಕೇಳಿ ಮುಖದ ಮೇಲೆ ಬಾಗಿಲು ಹಾಕಿದರು. ಇನ್ನೊಂದು ಮನೆಯ ಅಜ್ಜ, ನೀನು ಹೇಳುವುದು ಹೇಳು, ನಾನು ಅರವತ್ತೆರಡನ್ನು ಅಳಿಸುವುದಿಲ್ಲ, ತಟ್ಟಿದ್ದು ನನಗೆ ಕೇಳಿಸಿತ್ತು ಎಂದು ಹಟ ಹಿಡಿದರು. ಉಳಿದ ಇಪ್ಪತ್ತೆಂಟು ಬಾಗಿಲುಗಳ ಹಿಂದೆ ಒಂದು ಎಂದು ಬರೆದದ್ದನ್ನು ಕಣ್ಣಾರೆ ನೋಡಿದೆ. ಇಪ್ಪತ್ತೆಂಟರ ಪಕ್ಕದಲ್ಲೂ ನನ್ನ ಅಂಕಿಗೆಂದು ಜಾಗ ಖಾಲಿ ಬಿಟ್ಟರು. ಪ್ರತಿ ಮನೆಯಲ್ಲೂ ನನಗೆ ಇಲ್ಲ ಎಂದು ಹೇಳಿದೆ. ಇಪ್ಪತ್ತೆಂಟು ಸಲ ಹೇಳಿದರೂ ಆ ಮಾತು ಅಭ್ಯಾಸವಾಗಲಿಲ್ಲ.

ಮೂರನೇ ದಿನ ಸಂಜೆ ಆರರ ಹೊತ್ತಿಗೆ ಪಟ್ಟಿಯಲ್ಲಿ ಒಂದೇ ಉಳಿದಿತ್ತು. ಒಂದೂ ಬಿಡಬಾರದು ಎಂದಿದ್ದರಲ್ಲ. ನನ್ನ ಮೆಟ್ಟಿಲು ಹತ್ತಿ, ಬೀಗ ಹಾಕಿದ ನನ್ನ ಬಾಗಿಲ ಮುಂದೆ ನಿಂತು ತಟ್ಟಿದೆ. ಒಳಗೆ ಯಾರೂ ಇಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಒಂದು ಗಳಿಗೆ ಕಾದೆ. ಪಟ್ಟಿಯಲ್ಲಿ ಗುರುತು ಹಾಕಲು ಪೆನ್ನು ತೆಗೆಯುತ್ತಿದ್ದಾಗ ಕೆಳಗಿನಿಂದ ಯಾರೋ ಕೂಗಿದರು.

"ಯಾರದು? ಆ ಹುಡುಗಿ ಇನ್ನೂ ಬಂದಿಲ್ಲ."

ಎದುರು ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಅವರನ್ನು ದಿನವೂ ದಾಟಿ ಹೋಗುತ್ತಿದ್ದೆ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಇಳಿದು ಹತ್ತಿರ ಹೋದೆ. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದು ಬೆಳ್ಳಗಾಗಿತ್ತು. ಮುಖವನ್ನು ನನ್ನ ಕಡೆ ತಿರುಗಿಸಿದರೂ ಅವರು ನೋಡುತ್ತಿದ್ದದ್ದು ನನ್ನ ಭುಜದಾಚೆ.

"ಏಳಕ್ಕೆ ಬರ್ತಾಳೆ. ಒಂದೊಂದಿನ ಏಳೂ ಕಾಲು. ಕೂತ್ಕೊಳಿ ಬೇಕಾದ್ರೆ. ನೆಂಟರಾ?"

ಪುರಸಭೆಯಿಂದ ಬಂದಿದ್ದೇನೆ ಎಂದೆ. ಅದು ಸುಳ್ಳಲ್ಲ. ನಿಮಗೆ ಅವಳು ಗೊತ್ತೇ ಎಂದು ಕೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನುವ ಹಾಗೆ ಕೇಳಿಸಿತು. ಗೊತ್ತಿಲ್ಲ, ಮಾತಾಡಿಸಿಲ್ಲ, ಯಾರೋ ಹುಡುಗಿ ಎಂದು ಬೀದಿಯವರು ಹೇಳಿದ್ದಷ್ಟೇ, ಹೆಸರೂ ಗೊತ್ತಿಲ್ಲ ಅಂದರು ಅಜ್ಜಿ. ತಮ್ಮ ಹೆಸರು ಚೆನ್ನಾಜಮ್ಮ ಎಂದರು. ಕಣ್ಣು ಹೋಗುತ್ತ ಹೋಗುತ್ತ ಈಗ ಬೆಳಕು ಇದೆಯೋ ಇಲ್ಲವೋ ಅನ್ನುವುದಷ್ಟೇ ತಿಳಿಯುತ್ತದೆ. ಎದುರಿನ ಮಹಡಿ ಬಹಳ ವರ್ಷ ಪಾಳು ಬಿದ್ದಿತ್ತಂತೆ. ಸಂಜೆಯಾದರೆ ಆ ಕಡೆ ಬರೀ ಕತ್ತಲೆ, ಎಷ್ಟು ಹೊತ್ತಾಯಿತೆಂಬ ಲೆಕ್ಕ ಸಿಗುತ್ತಿರಲಿಲ್ಲ. ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಅಲ್ಲಿ ದೀಪ ಹತ್ತಿತು.

"ಮೇಲೆ ಯಾರೋ ಇದಾರೆ ಅಂತ ಗೊತ್ತಾದ್ರೆ ಸಾಕು ನೋಡಿ, ಮುದ್ದೆ ಇಳಿಯುತ್ತೆ," ಅಂದರು. "ಅವತ್ತಿಂದ್ಲೇ ನಮ್ಮನೇದು. ಇವತ್ತಿಗೆ ನಾನೂರ ಮೂರು."

ಎಂಟುನೂರ ಆರು, ಎದುರಿಗೆ ದೀಪ ಬಂದ ದಿನ. ಎಷ್ಟು ಸಲ ಆ ಸಾಲನ್ನು ಓದಿದ್ದೆ, ಎಷ್ಟು ಸಲ ಆ ದೀಪದ ಮನೆಯವರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ.

ಜೊತೆ ದಿನ ಯಾರು ಬರೆದರು ಎಂದು ಕೇಳಿದೆ. ಯಾರೂ ಇಲ್ಲ ಎಂದರು ಚೆನ್ನಾಜಮ್ಮ, ಸಾಮಾನ್ಯ ಸಂಗತಿ ಎನ್ನುವಂತೆ. ಪುರಸಭೆಯವರು ಜೊತೆ ದಿನ ಕೇಳುವುದಿಲ್ಲವಲ್ಲ, ಹೇಳಿದ್ದನ್ನು ಬರೆದುಕೊಂಡರು. ಗೋಡೆ ತಡವಿಕೊಂಡು ಎದ್ದು, ತೆರೆದಿದ್ದ ಬಾಗಿಲನ್ನು ನನ್ನ ಕಡೆ ಎಳೆದು ಹಿಂಬದಿ ತೋರಿಸಿದರು. ಕಣ್ಣಿಲ್ಲದ ಕೈ ಬರೆದ ನಾನೂರ ಮೂರು, ಒಂದು ಅಂಕಿ ಮೇಲೆ ಒಂದು ಕೆಳಗೆ. ಪಕ್ಕದಲ್ಲಿ ಒಂದು ಗೇಣು ಖಾಲಿ.

"ಆ ಹುಡುಗಿ ಯಾವತ್ತಾದ್ರೂ ಬಂದ್ರೆ ಬರೀಲಿ ಅಂತ ಬಿಟ್ಟಿದೀನಿ. ಅವಳು ಬಹಳ ನಾಚ್ಕೆ ಸ್ವಭಾವದೋಳು ಅನ್ಸುತ್ತೆ, ಹೆಜ್ಜೆ ಸದ್ದೇ ಕೇಳ್ಸಲ್ಲ. ಅವಳಿಗೇನಾದ್ರೂ ಹೇಳ್ಬೇಕಿತ್ತಾ?"

ನಾನೇ ಆ ಹುಡುಗಿ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದು ನಿಂತಿತು. ಮೂರು ದಿನ ಅಷ್ಟೊಂದು ಬಾಗಿಲು ತಟ್ಟಿದವಳಿಗೆ ಆ ಮೂರು ಪದ ಆಗಲಿಲ್ಲ. ಆಮೇಲೆ ಬಂದು ಹೇಳುತ್ತೇನೆ ಎಂದೆ. ಏಳಕ್ಕೆ ಬನ್ನಿ, ತಪ್ಪದೆ ಸಿಗುತ್ತಾಳೆ ಎಂದರು.

ಮೆಟ್ಟಿಲು ಹತ್ತಿ ಬೀಗ ತೆಗೆದೆ. ನಂಬಿಕೆ ಬರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಡೈರಿಗಳನ್ನು ತೆಗೆದು, ಈ ಊರಿಗೆ ಬಂದ ಸಂಜೆಯ ಪುಟದಿಂದ ಹಿಡಿದು ಒಂದೊಂದೇ ಮಗುಚಿ ಎಣಿಸಿದೆ. ಬರೆದ ಪುಟಗಳು ನಾನೂರ ಎರಡು. ಇವತ್ತಿನದು ಇನ್ನೂ ಬರೆಯಬೇಕಿತ್ತು.

ಹೊರಗೆ ಕತ್ತಲೆ ಇಳಿಯುತ್ತಿತ್ತು, ಏಳಕ್ಕೆ ಇನ್ನೂ ಕಾಲು ಗಂಟೆ ಇತ್ತು. ದೀಪ ಹಾಕಿದೆ. ಕಿಟಕಿಯಿಂದ ಬಗ್ಗಿ ನೋಡಿದಾಗ ಚೆನ್ನಾಜಮ್ಮ ಜಗಲಿಯ ಮೇಲೆ ಮುಖ ಎತ್ತಿದ್ದರು. ಇವತ್ತು ಬೇಗ ಬಂದಳು ಅಂದುಕೊಂಡಿರಬೇಕು. ಸ್ವಲ್ಪ ಹೊತ್ತು ಹಾಗೇ ಇದ್ದು, ಊಟಕ್ಕೋ ಏನೋ, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ನಾನು ಬಾಗಿಲು ಮುಚ್ಚಿ ಅದರ ಹಿಂಬದಿಗೆ ಎದುರಾಗಿ ನಿಂತೆ. ಗಂಗೋಜಿ ಕೊಟ್ಟ ಸೀಮೆಸುಣ್ಣದ ತುಂಡು ಮೂರು ದಿನದಿಂದ ಚೀಲದಲ್ಲೇ ಇತ್ತು. ಒಂದು ಎಂದು ಬರೆಯಲು ಕೈ ಎತ್ತಿದೆ, ಎಲ್ಲರೂ ಹಾಗೇ ಅಲ್ಲವೇ ಶುರು ಮಾಡುವುದು. ಕೈ ಅಲ್ಲೇ ತಡೆಯಿತು. ಹಳಬರು ಬಿಟ್ಟು ಹೋದ ಮಬ್ಬನ್ನು ಸೆರಗಿನಿಂದ ಒರೆಸಿ, ದೊಡ್ಡದಾಗಿ, ನಾನೂರ ಮೂರು ಎಂದು ಬರೆದೆ. ಪಕ್ಕದಲ್ಲಿ ಒಂದು ಗೇಣು ಜಾಗ ಬಿಟ್ಟೆ. ಆಮೇಲೆ ಸೀಮೆಸುಣ್ಣವನ್ನು ಕೈಯಲ್ಲೇ ಹಿಡಿದುಕೊಂಡು, ದೀಪ ಆರಿಸದೆ, ಮೆಟ್ಟಿಲಿಳಿದೆ.